ಊಟಿಗೆ ಕಾರು ಬೇಡ, ಸರ್ಕಾರಿ ಬಸ್ ಹತ್ತಿ

ಹೊರಗಿನ ವಾಹನ ಊಟಿಗೆ ಹೋಗಲು ಬೇಕಾದ ಆನ್‌ಲೈನ್ ಅನುಮತಿ, ಅಂದ್ರೆ ಇ-ಪಾಸ್, ಮಾಡಿಸಲು ಒಂದು ರೂಪಾಯಿಯೂ ಕೊಡಬೇಕಾಗಿಲ್ಲ. ಇದನ್ನೇ ಮೊದಲು ಬರೆಯುತ್ತಿದ್ದೇನೆ, ಯಾಕಂದ್ರೆ ನಾವು ನಾನೂರು ರೂಪಾಯಿ ಕೊಟ್ಟು ಬಂದವರು.

ಹೋದ ಬೇಸಿಗೆಯಲ್ಲಿ ಕಾರಿನಲ್ಲಿ ಹೊರಟಿದ್ದೆವು. ಪಾಸಿನ ನೆನಪಾಗಿದ್ದು ಅರ್ಧ ದಾರಿಯಲ್ಲಿ. ರಸ್ತೆ ಬದಿಯ ಒಂದು ಅಂಗಡಿಯಲ್ಲಿ ತಲೆಗೆ ನೂರರಂತೆ ನಾಲ್ಕು ಜನಕ್ಕೆ ದುಡ್ಡು ಎಣಿಸಿಕೊಂಡು ಒಂದು ಪ್ರಿಂಟ್ ಕೊಟ್ಟರು. ತಮಿಳುನಾಡು ಗಡಿಯ ಕಕ್ಕನಹಳ್ಳ ಚೆಕ್‌ಪೋಸ್ಟಿನಲ್ಲಿ ಅದನ್ನು ಸ್ಕ್ಯಾನ್ ಮಾಡಿದ ಹುಡುಗ "ಇದಕ್ಕೆ ದುಡ್ಡು ಕೊಟ್ರಾ ಸಾರ್?" ಅಂದಾಗಲೇ ನಮಗೆ ಗೊತ್ತಾಗಿದ್ದು. ಪಾಸ್ ವಾಹನಕ್ಕೆ ಒಂದು, ತಲೆಗೆ ಒಂದಲ್ಲ. ತಮಿಳುನಾಡು ಸರ್ಕಾರದ ವೆಬ್‌ಸೈಟಿನಲ್ಲಿ ಮೊಬೈಲ್ ನಂಬರ್, ಗಾಡಿ ನಂಬರ್, ಹೋಗಿ ಬರುವ ದಿನ ಹಾಕಿದರೆ ಮುಗಿಯಿತು. ಕಾಡಿನೊಳಗೆ ಸಿಗ್ನಲ್ ನಂಬಬೇಡಿ, ಮನೆಯಲ್ಲೇ ಮಾಡಿಕೊಳ್ಳಿ. ಆ ದಿನ ಘಾಟಿಯಲ್ಲಿ ಕಾರುಗಳ ಸಾಲಿನಲ್ಲಿ ಮೂರು ಗಂಟೆ ಕೂತೆವು. ಅಮ್ಮನ ಮಂಡಿ ಹಿಡಿದುಕೊಂಡು ಇಳಿಯೋಕೇ ಆಗಲಿಲ್ಲ.

ಮದ್ರಾಸ್ ಹೈಕೋರ್ಟ್ ಆದೇಶದಿಂದ 2024ರ ಮೇ 7ಕ್ಕೆ ಈ ಪಾಸ್ ಶುರುವಾಯಿತು. 2025ರ ಏಪ್ರಿಲ್‌ನಿಂದ ಜೂನ್‌ವರೆಗೆ ಊಟಿ ಇರುವ ನೀಲಗಿರಿ ಜಿಲ್ಲೆಗೆ ದಿನಕ್ಕೆ ವಾರದ ದಿನಗಳಲ್ಲಿ 6,000, ವಾರಾಂತ್ಯದಲ್ಲಿ 8,000 ಹೊರಗಿನ ವಾಹನ ಮಾತ್ರ ಅಂತ ಮಿತಿಯನ್ನೂ ಹಾಕಿದರು. ಸರ್ಕಾರಿ ಬಸ್ಸಿಗೆ ಈ ಪಾಸೂ ಇಲ್ಲ, ಮಿತಿಯೂ ಇಲ್ಲ. ಅಲ್ಲಿಗೆ ನಾವು ತೀರ್ಮಾನ ಮಾಡಿಬಿಟ್ಟೆವು.

ಈ ಸಲ ಮೈಸೂರು ಸಬರ್ಬನ್ ಸ್ಟ್ಯಾಂಡಿನಿಂದ ಬೆಳಗಿನ ಬಸ್ ಹಿಡಿದೆವು. ಗುಂಡ್ಲುಪೇಟೆ, ಬಂಡೀಪುರ, ಗೂಡಲೂರು, ನಡುವಟ್ಟಂ ದಾರಿ. ಸೀಟು ಗಟ್ಟಿ, ಕಾಲು ಚಾಚಲು ಜಾಗ ಕಡಿಮೆ. ಗುಂಡ್ಲುಪೇಟೆವರೆಗೆ ಜನ ನಿಂತಿದ್ದರು. ನನಗೆ ರಶ್ ಪರವಾಗಿಲ್ಲ, ಗಾಡಿ ಓಡುತ್ತಿದ್ದರೆ ಸಾಕು. ನಿಮಗೆ ಆಗಲ್ಲ ಅಂದ್ರೆ ಮುಂಗಡ ಟಿಕೆಟ್ ಮಾಡಿಸಿ. ಚೆಕ್‌ಪೋಸ್ಟಿನಲ್ಲಿ ಒಬ್ಬರು ಬಸ್ ಹತ್ತಿ ಸೀಟುಗಳ ಕೆಳಗೆಲ್ಲ ಬಗ್ಗಿ ನೋಡಿದರು. ಮುಂದಿನ ಸೀಟಿನವರ ಎರಡು ಪ್ಲಾಸ್ಟಿಕ್ ನೀರಿನ ಬಾಟಲಿ ಕೆಳಗಿಳಿದವು. ಅಮ್ಮ ಸ್ಟೀಲ್ ಬಾಟಲಿಯನ್ನು ಎತ್ತಿ ತೋರಿಸಿದರು. ನೀವೂ ಸ್ಟೀಲಿನದ್ದೇ ಒಯ್ಯಿರಿ. ನಡುವಟ್ಟಂ ಹತ್ತಿರ ಗಾಳಿಯಲ್ಲಿ ನೀಲಗಿರಿ ಎಣ್ಣೆಯ ವಾಸನೆ ಬಂತು, ಇಡೀ ಬಸ್ಸಿನ ಕಿಟಕಿಗಳು ಒಂದೊಂದಾಗಿ ಮುಚ್ಚಿಕೊಂಡವು. ಸ್ವೆಟರ್ ಕೈಗೆ ಸಿಗುವ ಹಾಗೆ ಇಟ್ಟುಕೊಳ್ಳಿ.

ತೊಂದರೆ ಶುರುವಾಗಿದ್ದು ಊಟಿಯಲ್ಲಿ ಇಳಿದ ಮೇಲೆ. ರೂಮು ಗುಡ್ಡದ ಮೇಲಿತ್ತು, ಎರಡು ಕಿಲೋಮೀಟರ್ ಕೂಡ ಇಲ್ಲ. ಆಟೋದವರು ಮುನ್ನೂರೈವತ್ತು ಕೇಳಿದರು, ಅಮ್ಮನ ಕಾಲು ನೋಡಿಯೂ ಹತ್ತು ರೂಪಾಯಿ ಇಳಿಸಲಿಲ್ಲ. ಕಾರು ಬಿಟ್ಟು ಬನ್ನಿ ಅಂತ ಸರ್ಕಾರ ಹೇಳುತ್ತದೆ, ಸಂತೋಷ. ಹಾಗೆ ಬಂದವರಿಗೆ ಊರೊಳಗೆ ಸಣ್ಣ ಬಸ್ಸುಗಳು ಜಾಸ್ತಿ ಬೇಕು, ಅಲ್ವಾ? ಅಲ್ಲಿಯವರೆಗೆ ರೂಮನ್ನು ಬಸ್ ಸ್ಟ್ಯಾಂಡಿಗೆ ನಡೆಯುವ ದೂರದಲ್ಲೇ ಹಿಡಿಯಿರಿ. ರೈಲ್ವೆ ಸ್ಟೇಷನ್ನೂ ಅಲ್ಲೇ ಇದೆ.

ಅಲ್ಲೇ ಹಿಂದಿನ ಗಲ್ಲಿಯಲ್ಲಿ ಒಂದು ಮೆಸ್ ಇದೆ. ಬೋರ್ಡಿಲ್ಲ, ಐದೇ ಬೆಂಚು. ತೊಂಬತ್ತು ರೂಪಾಯಿಗೆ ಬಾಳೆ ಎಲೆ ಊಟ. ಊಟಿ ಕ್ಯಾರೆಟ್ಟು, ಬೀನ್ಸಿನ ಪಲ್ಯಕ್ಕೆ ತೆಂಗಿನಕಾಯಿ ಧಾರಾಳ. ಅನ್ನದ ಹಬೆಗೆ ನನ್ನ ಕನ್ನಡಕ ಮಂಜಾಯಿತು. ಮೆಣಸಿನ ರಸವನ್ನು ಲೋಟದಲ್ಲಿ ಬೇರೆಯಾಗಿ ಕೊಟ್ಟರು, ಆ ಚಳಿಗೆ ಅದೇ ಔಷಧಿ. ಬಡಿಸುವ ಅಕ್ಕ "ಅಮ್ಮನಿಗೆ ಇನ್ನೊಂಚೂರು" ಅಂತ ಕೇಳದೆಯೇ ಹಾಕಿದರು. ಮೂರು ಸಲ ಅಲ್ಲೇ ಉಂಡೆವು. ಒಂದೂವರೆಯೊಳಗೆ ಹೋಗಿ, ಆಮೇಲೆ ಪಲ್ಯ ಖಾಲಿ.

ಕೂನೂರಿಗೆ ಪುಟ್ಟ ರೈಲಿನಲ್ಲಿ ಹೋಗಿ. 19 ಕಿಲೋಮೀಟರ್, ಲವ್‌ಡೇಲ್, ಕೇತ್ತಿ ದಾಟಿ ಇಳಿಯುತ್ತದೆ. ಕೌಂಟರಿನ ಟಿಕೆಟಿಗೆ ಒಂದು ಗಂಟೆ ಮುಂಚೆ ನಿಲ್ಲಬೇಕು. ವಾಪಸ್ ಬರುವಾಗ ರೈಲಿಗೆ ಕಾಯದೆ ಬಸ್ ಹತ್ತಿದೆವು.

ಮೈಸೂರಿಗೆ ಮರಳುವಾಗ ಸಂಜೆಯವರೆಗೆ ಸುಮ್ನೆ ಸುತ್ತಾಡುತ್ತಾ ಕೂರಬೇಡಿ. ಬಂಡೀಪುರದ ರಸ್ತೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿರುತ್ತದೆ. ಅದರ ನಡುವೆ ಬಿಡುವ ಬಸ್ಸುಗಳು ಬೆರಳೆಣಿಕೆಯಷ್ಟು. ನಾವು ಊಟ ಮುಗಿಸಿ ಎರಡು ಗಂಟೆಗೆ ಹೊರಟೆವು, ರಾತ್ರಿ ಊಟಕ್ಕೆ ಮನೆಯಲ್ಲಿದ್ದೆವು.