ಗಡ್ಡದ ಕೂಳೆ

ಇವತ್ತು ಮಂಡ್ಯದ ಕಟಿಂಗ್ ಶಾಪಲ್ಲಿ ಪಕ್ಕದ ಕುರ್ಚಿ ಹುಡುಗ, "ಎರಡು ಸಲ ನೈಸಾಗಿ ಹೊಡಿಯಣ್ಣ, ದಟ್ಟವಾಗಿ ಬರ್ಲಿ" ಅಂದ.

ಕಾಯ್ತಾ ಕೂತಿದ್ದ ಯಜಮಾನ್ರು, "ಊಂ ಕನ್ಲಾ, ಕಬ್ಬು ಕಡುದ್ಮೇಲೆ ಕೂಳೆ ಬರಕಿಲ್ವಾ, ಅಂಗೇಯ."

ಹೋಲಿಕೆ ಏನೋ ಸಖತ್ತಾಗಿದೆ. ಆದ್ರೆ ಬ್ಲೇಡು ಕತ್ತರಿಸೋದು ಚರ್ಮದ ಮೇಲಿರೋ ಕೂದಲನ್ನ ಮಾತ್ರ, ಬೇರಿಗೆ ಸುದ್ದಿನೇ ಮುಟ್ಟಲ್ಲ. ಚೂಪು ತುದಿ ಹೋಗಿ ಮೊಂಡಾಗುತ್ತೆ. ಮೂರನೇ ದಿನ ಕೆನ್ನೆ ಮುಟ್ಟಿದ್ರೆ ಉಪ್ಪುಕಾಗದ ಸವರಿದಂಗೆ. ಅದನ್ನೇ ದಟ್ಟ ಅನ್ಕೋತೀವಿ. 1928ರಲ್ಲೇ ಮಿಲ್ಡ್ರೆಡ್ ಟ್ರಾಟರ್ ಅನ್ನೋ ವಿಜ್ಞಾನಿ ಅಳೆದು ನೋಡಿ, ಹಂಗೇನಿಲ್ಲ ಅಂದಿದ್ರು.

ನಾನೂ ಪಿಯುಸಿಲಿ ಅಪ್ಪನ ರೇಜರ್ ಕದ್ದು ಎಳ್ಕೊಂಡೋನೇ. ಎಡಗೆನ್ನೆ ಇವತ್ತಿಗೂ ಬೋಳು.

ಹುಡುಗನಿಗೆ ಹೇಳೋಣ ಅಂತ ತಿರುಗಿದೆ. ಕನ್ನಡಿಗೆ ಬಗ್ಗಿ, ಗಲ್ಲದ ಮೇಲಿನ ನಾಲ್ಕು ಕೂದಲು ಎಣಿಸ್ತಿದ್ದ. ಸುಮ್ನಾದೆ.