ಶಿಕೂಟಿಮಿಯ ಸೌತೆಕಾಯಿ

ನೆಗಡಿ ಅಂತ ಇವತ್ತು ಆಫೀಸಿಗೆ ರಜೆ ಹಾಕಿದೆ. ಕಷಾಯ ಕುಡಿಯುತ್ತಾ ಸುಮ್ನೆ ಓದುತ್ತಿದ್ದಾಗ ಸಿಕ್ಕವನು ಜಾರ್ಜ್ ವೆಜಿನಾ. ಕೆನಡಾದ ಐಸ್ ಹಾಕಿ ಗೋಲ್‌ಕೀಪರ್. 1910ರಲ್ಲಿ ಮಾಂಟ್ರಿಯಲ್ ಕೆನೇಡಿಯನ್ಸ್ ತಂಡ ಸೇರಿದವನು ಹದಿನೈದು ಸೀಸನ್ ಒಂದೂ ಪಂದ್ಯ ತಪ್ಪಿಸಲಿಲ್ಲ. ಅದೂ ಮುಖಕ್ಕೆ ಮಾಸ್ಕ್ ಇಲ್ಲದ ಕಾಲದಲ್ಲಿ! ಪಕ್ (ಐಸ್ ಹಾಕಿಯಲ್ಲಿ ಚೆಂಡಿನ ಬದಲು ಬಳಸುವ ಗಟ್ಟಿ ರಬ್ಬರ್ ಬಿಲ್ಲೆ) ಎಷ್ಟೇ ಜೋರಾಗಿ ನುಗ್ಗಿದರೂ ಮನುಷ್ಯ ತಣ್ಣಗಿರುತ್ತಿದ್ದ. ಅದಕ್ಕೇ ಊರಿನ ಹೆಸರು ಸೇರಿಸಿ ‘ಶಿಕೂಟಿಮಿಯ ಸೌತೆಕಾಯಿ’ ಅಂತ ಕರೆಯುತ್ತಿದ್ದರು. (ನಮ್ಮ ಕಡೆ ಹಾಗಂದಿದ್ದರೆ ಜಗಳವೇ ಆಗುತ್ತಿತ್ತು.)

1925ರ ನವೆಂಬರ್ 28. ಮೈ ಸುಡುವ ಜ್ವರದಲ್ಲೇ ಆಡಲು ಇಳಿದ. ಮೊದಲ ಪೀರಿಯಡ್ ಮುಗಿಸಿದ, ಆಮೇಲೆ ಆಗಲಿಲ್ಲ. ಕ್ಷಯ. ನಾಲ್ಕೇ ತಿಂಗಳಲ್ಲಿ ಹೋಗಿಬಿಟ್ಟ, 39 ವರ್ಷಕ್ಕೆ.

ನಾಳೆಯೂ ರಜೆ ಬೇಕಾ ಅಂತ ಮ್ಯಾನೇಜರ್ ಮೆಸೇಜ್ ಮಾಡಿದ್ದಾರೆ. ಇನ್ನೂ ರಿಪ್ಲೈ ಮಾಡಿಲ್ಲ.