ಬಿಲ್ ಆಗುವ ದಿನಗಳು: ತುಮಕೂರಿನಿಂದ ಹತ್ತು ತಿಂಗಳ ಲಾಗ್

ಜೂನ್ 29, 2024

ನಿನ್ನೆ ರಾಜೀನಾಮೆ ಕೊಟ್ಟೆ. ಆರು ವರ್ಷದ ಮೇಲಾಯ್ತು, ಬೆಂಗಳೂರಿನ ಒಂದು ಕನ್ಸಲ್ಟಿಂಗ್ ಕಂಪನಿಯಲ್ಲಿ ಎನರ್ಜಿ ಆಡಿಟ್ ಮಾಡುತ್ತಿದ್ದೇನೆ. ಕಾರ್ಖಾನೆಗೆ ಹೋಗಿ ಕರೆಂಟು, ಹಬೆ, ಗಾಳಿ ಎಲ್ಲೆಲ್ಲಿ ಸೋರುತ್ತಿದೆ ಅಂತ ಅಳೆಯುವುದು, ರಿಪೋರ್ಟ್ ಬರೆಯುವುದು. ಈ ಕೆಲಸ ನನಗೆ ತುಂಬಾ ಇಷ್ಟ. ಆದರೆ ರಿಪೋರ್ಟ್ ಕೊಟ್ಟ ಮೇಲೆ ಆ ಕಾರ್ಖಾನೆ ಏನು ಮಾಡಿತು, ನಾನು ಹೇಳಿದ ಪೈಪ್ ಬದಲಾಯಿಸಿದರಾ, ಬಿಲ್ ಕಡಿಮೆಯಾಯಿತಾ ಅಂತ ವಾಪಸ್ ಹೋಗಿ ನೋಡಿದ್ದು ಇಷ್ಟು ವರ್ಷದಲ್ಲಿ ಮೂರೇ ಸಲ. ಅಷ್ಟರಲ್ಲಿ ಇನ್ನೊಂದು ಪ್ರಾಜೆಕ್ಟ್ ಶುರುವಾಗಿರುತ್ತದೆ. ಇನ್ನೊಂದು ವಿಷಯ, ನಮ್ಮೂರಿನ ಅಕ್ಕಿ ಗಿರಣಿ, ತಿಪಟೂರಿನ ಕೊಬ್ಬರಿ ಪುಡಿ ಕಾರ್ಖಾನೆಗಳಂಥವರಿಗೆ ಕಂಪನಿಯ ಫೀಸು ಕೈಗೆಟುಕುವುದಿಲ್ಲ. ಅಲ್ಲಿ ಸೋರಿಕೆ ಜಾಸ್ತಿ, ಅಳೆಯುವವರು ಇಲ್ಲ.

ನನ್ನ ಯೋಜನೆ ಸರಳ. ತುಮಕೂರಿನಲ್ಲೇ ಇದ್ದು, ಸಣ್ಣ ಘಟಕಗಳಿಗೆ ಆಡಿಟ್ ಮಾಡಿ, ಪ್ರತಿಯೊಂದಕ್ಕೂ ಮೂರು ತಿಂಗಳ ನಂತರ ಮತ್ತೆ ಹೋಗಿ ಅಳೆಯಬೇಕು. ಬಿಇಇ (ಕೇಂದ್ರ ಸರ್ಕಾರದ ಇಂಧನ ದಕ್ಷತಾ ಸಂಸ್ಥೆ) ಕೊಡುವ ಎನರ್ಜಿ ಆಡಿಟರ್ ಸರ್ಟಿಫಿಕೇಟ್ ನನ್ನ ಹೆಸರಿನಲ್ಲೇ ಇದೆ. ಕಂಪನಿ ಬಿಟ್ಟರೂ ಅದು ನನ್ನ ಜೊತೆಗೇ ಬರುತ್ತದೆ.

ನೋಟಿಸ್ ಅವಧಿ 90 ದಿನ.

ಆಗಸ್ಟ್ 18

ಬೆಳಗಿನ ರೈಲಿನಲ್ಲಿ ಕ್ಯಾತ್ಸಂದ್ರ ದಾಟುವ ಹೊತ್ತಿಗೆ ನೋಟ್‌ಬುಕ್ ತೆಗೆದರೆ, ಯಶವಂತಪುರ ಬರುವವರೆಗೂ ಲೆಕ್ಕ. ದಿನಕ್ಕೆ ಎಷ್ಟು ಕೇಳಬೇಕು ಅನ್ನುವುದೇ ಪ್ರಶ್ನೆ. ಮೊದಲು ಸಂಬಳವನ್ನು 22 ದಿನಕ್ಕೆ ಭಾಗಿಸಿದೆ. ಅದು ತಪ್ಪು. ಸಂಬಳದಲ್ಲಿ ರಜೆಗೂ ದುಡ್ಡು ಬರುತ್ತದೆ, ಕೆಲಸ ಇಲ್ಲದ ದಿನಕ್ಕೂ ಬರುತ್ತದೆ, ಇನ್ನು ಮುಂದೆ ಬರುವುದಿಲ್ಲ ಅಲ್ವಾ.

ಹಾಗಾಗಿ ಹಿಂದಿನಿಂದ ಶುರು ಮಾಡಿದೆ. 365 ದಿನದಲ್ಲಿ ಶನಿವಾರ ಭಾನುವಾರ 104 ಹೋದವು. ಹಬ್ಬ, ಜ್ವರ, ಮನೆ ಕೆಲಸ ಅಂತ 31 ತೆಗೆದರೆ 230 ಉಳಿಯಿತು. ಅದರಲ್ಲಿ ಅರ್ಧ ಗಿರಾಕಿ ಹುಡುಕಲು, ಕೊಟೇಷನ್ ಬರೆಯಲು, ಬಾಕಿ ಕೇಳಲು, ಓಡಾಡಲು ಬೇಕು. ಬಿಲ್ ಮಾಡಬಹುದಾದ ದಿನ, ಅಂದರೆ ಗಿರಾಕಿಯಿಂದ ದುಡ್ಡು ಕೇಳಬಹುದಾದ ದಿನ, 115 ಮಾತ್ರ. ಖರ್ಚಿನ ಕಡೆ ಮನೆಗೆ ತಿಂಗಳಿಗೆ 55 ಸಾವಿರದಂತೆ 6.6 ಲಕ್ಷ, ಉಳಿತಾಯಕ್ಕೆ 2 ಲಕ್ಷ, ಉಪಕರಣದ ಬಾಡಿಗೆ ಮತ್ತು ಕ್ಯಾಲಿಬ್ರೇಷನ್ 1.2 ಲಕ್ಷ, ಪ್ರಯಾಣ 60 ಸಾವಿರ, ಆರೋಗ್ಯ ವಿಮೆ 45 ಸಾವಿರ, ಕೈಮೀರಿದ ಖರ್ಚಿಗೆ 65 ಸಾವಿರ. ಒಟ್ಟು 11.5 ಲಕ್ಷ. 115ರಿಂದ ಭಾಗಿಸಿದರೆ ದಿನಕ್ಕೆ 10,000.

ಈ ಸಂಖ್ಯೆ ನೋಡಿ ಹೆದರಿಕೆಯಾಯಿತು. ಗಿರಣಿಯವರು ಇಷ್ಟು ಕೊಡುತ್ತಾರಾ? ಕಡಿಮೆ ಮಾಡಿಕೊಂಡರೆ ಮೊದಲು ಕೈ ಬಿಡುವುದು ವಾಪಸ್ ಹೋಗಿ ಅಳೆಯುವ ದಿನವನ್ನೇ, ಯಾಕೆಂದರೆ ಯಾರೂ ಅದನ್ನು ಕೇಳುವುದಿಲ್ಲ. ಹಾಗಾಗಿ 10,000ವೇ ಇರಲಿ ಅಂತ ಗಟ್ಟಿ ಮಾಡಿಕೊಂಡೆ.

ಅಕ್ಟೋಬರ್ 13

ಸೆಪ್ಟೆಂಬರ್ ಕೊನೆಗೆ ಕೆಲಸ ಮುಗಿಯಿತು. ಗ್ರಾಚ್ಯುಟಿ, ಅಂದರೆ ಕೆಲಸ ಬಿಡುವಾಗ ದುಡಿದ ವರ್ಷಗಳಿಗೆ ತಕ್ಕಂತೆ ಕೊಡುವ ಇಡಿಗಂಟು, ಬರುತ್ತದೆ: ಮೂಲ ವೇತನ 40 ಸಾವಿರ, ಅದನ್ನು 15ರಿಂದ ಗುಣಿಸಿ 26ರಿಂದ ಭಾಗಿಸಿ, ಆರು ವರ್ಷಕ್ಕೆ 1,38,461 ರೂಪಾಯಿ. ಐದು ವರ್ಷ ತುಂಬುವ ಮೊದಲೇ ಬಿಡಬೇಕು ಅಂತ ಒಮ್ಮೆ ಮನಸ್ಸು ಮಾಡಿದ್ದೆ, ಆಗ ಬಿಟ್ಟಿದ್ದರೆ ಇದು ಸಿಗುತ್ತಿರಲಿಲ್ಲ. ಪಿಎಫ್ ಮುಟ್ಟಿಲ್ಲ, ಬಡ್ಡಿ ಬರುತ್ತಿರಲಿ. ಗ್ರಾಚ್ಯುಟಿ ಅಲ್ಲದೆ ಆರು ತಿಂಗಳ ಮನೆ ಖರ್ಚು ಬೇರೆ ಖಾತೆಯಲ್ಲಿದೆ.

ನಿಜಕ್ಕೂ ನಿದ್ದೆ ಕೆಡಿಸಿದ್ದು ವಿಮೆ. ಅಮ್ಮನಿಗೆ ಸಕ್ಕರೆ ಕಾಯಿಲೆ ಇದೆ, ಕಂಪನಿಯ ಗ್ರೂಪ್ ಪಾಲಿಸಿ ಕೊನೆಯ ದಿನಕ್ಕೇ ನಿಂತುಹೋಗುತ್ತದೆ. ಹೊಸದಾಗಿ ತೆಗೆದುಕೊಂಡರೆ ಇರುವ ಕಾಯಿಲೆಗೆ ಮೂರು ವರ್ಷದವರೆಗೂ ಕಾಯಬೇಕಾಗಬಹುದು. ಅದೇ ವಿಮಾ ಕಂಪನಿಯ ವೈಯಕ್ತಿಕ ಪಾಲಿಸಿಗೆ ಬದಲಾಯಿಸಿಕೊಂಡರೆ ಹಳೆಯ ವರ್ಷಗಳು ಲೆಕ್ಕಕ್ಕೆ ಬರುತ್ತವೆ ಅಂತ ಗೊತ್ತಾಗಿ, ನೋಟಿಸ್ ಅವಧಿಯಲ್ಲೇ ಅರ್ಜಿ ಹಾಕಿದೆ. ಕೆಲಸ ಬಿಡುವ ಯೋಚನೆ ಇರುವವರು ದಯವಿಟ್ಟು ಇದನ್ನು ಮೊದಲು ಮಾಡಿ.

ಮೊನ್ನೆ ಆಯುಧಪೂಜೆಗೆ ನನ್ನದೇ ಕ್ಲ್ಯಾಂಪ್ ಮೀಟರ್, ಥರ್ಮಾಮೀಟರ್, ಸ್ಟಾಪ್‌ವಾಚ್ ಇಟ್ಟು ಕುಂಕುಮ ಹಚ್ಚಿದೆ. ಪವರ್ ಅನಲೈಸರ್ ಸದ್ಯಕ್ಕೆ ಬಾಡಿಗೆಗೆ.

ನವೆಂಬರ್ 24

ಎರಡು ಕೆಲಸ ಸಿಕ್ಕಿವೆ. ಒಂದು ವಸಂತನರಸಾಪುರದ ಒಂದು ಘಟಕ, ಆರು ದಿನ, 60 ಸಾವಿರ. ಕೆಲಸ ಮುಗಿದು ನವೆಂಬರ್ 20ಕ್ಕೆ ಬಿಲ್ ಕೊಟ್ಟಾಯಿತು.

ಇನ್ನೊಂದು ಅಂತರಸನಹಳ್ಳಿ ಕಡೆಯ ಅಕ್ಕಿ ಗಿರಣಿ. ಇದರ ಬಗ್ಗೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ. ಅಲ್ಲಿ ಕಲರ್ ಸಾರ್ಟರ್ ಇದೆ, ಬಣ್ಣಗೆಟ್ಟ ಅಕ್ಕಿ ಕಾಳನ್ನು ಗಾಳಿ ಊದಿ ಹೊರಗೆ ಹಾಕುವ ಯಂತ್ರ. ಅದಕ್ಕೆ ಗಾಳಿ ಒತ್ತಿ ಕೊಡಲು 22 ಕಿಲೋವಾಟ್ ಕಂಪ್ರೆಸರ್. ಭಾನುವಾರ ಗಿರಣಿ ನಿಂತಿರುವಾಗ ಹೋದೆ, ಗಾಳಿ ಬಳಸುವ ಯಂತ್ರಗಳನ್ನೆಲ್ಲ ಬಂದ್ ಮಾಡಿಸಿ ಕಂಪ್ರೆಸರ್ ಒಂದನ್ನೇ ಓಡಿಸಿದೆ. ಯಾರೂ ಗಾಳಿ ಬಳಸುತ್ತಿಲ್ಲ ಅಂದರೆ ಒಂದು ಸಲ ತುಂಬಿದ ಮೇಲೆ ಅದು ಮತ್ತೆ ಲೋಡ್ ಆಗಬಾರದು, ಅಂದರೆ ಗಾಳಿ ತುಂಬಲು ಶುರು ಮಾಡಬಾರದು. ಆದರೆ 90 ಸೆಕೆಂಡ್ ಲೋಡ್, 210 ಸೆಕೆಂಡ್ ಅನ್‌ಲೋಡ್, ಮತ್ತೆ 90. ಹತ್ತು ಸಲ ಸ್ಟಾಪ್‌ವಾಚ್ ಒತ್ತಿದೆ, ಸರಾಸರಿ ಅದೇ. 300ರಲ್ಲಿ 90, ಅಂದರೆ ಕಂಪ್ರೆಸರ್ ತಯಾರಿಸಬಲ್ಲ ಗಾಳಿಯಲ್ಲಿ ನೂರಕ್ಕೆ 30 ಭಾಗ ಸುಮ್ನೆ ಸೋರುತ್ತಿತ್ತು. ಸೋಪಿನ ನೊರೆ ಹಚ್ಚಿ ಹನ್ನೊಂದು ಜಾಗ ಹುಡುಕಿದೆವು, ಹೆಚ್ಚಿನವು ಹಳೇ ಹೋಸ್ ಕಪ್ಲಿಂಗ್‌ಗಳು. ಒತ್ತಡ 7.5 ಬಾರ್ ಇತ್ತು, ಸಾರ್ಟರ್‌ಗೆ 6.5 ಸಾಕು. ಒಂದು ಬಾರ್ ಇಳಿಸಿದರೆ ಕಂಪ್ರೆಸರ್ ಎಳೆಯುವ ಕರೆಂಟು ನೂರಕ್ಕೆ 6ರಿಂದ 7ರಷ್ಟು ಇಳಿಯುತ್ತದೆ.

ದರದ ಮಾತು ಬಂದಾಗ ಮಾಲೀಕರು ಅಳೆಯುವ ಎರಡು ದಿನಕ್ಕೂ, ರಿಪೋರ್ಟ್‌ನ ಒಂದು ದಿನಕ್ಕೂ ಒಪ್ಪಿದರು. ಮರುಭೇಟಿಯ ದಿನಕ್ಕೆ ಯಾಕೆ 10 ಸಾವಿರ ಅಂತ ಕೇಳಿದರು. ಆ ದಿನದ ದುಡ್ಡು ಅಳೆದು ತೋರಿಸಿದ ಮೇಲೆ ಕೊಡಿ ಅಂದೆ. ಒಪ್ಪಿದರು.

ಜನವರಿ 19, 2025

ಬಿಲ್ ಆದ ದಿನಗಳು ಈವರೆಗೆ 21. ವರ್ಷಕ್ಕೆ 115ರ ಲೆಕ್ಕದಲ್ಲಿ ಇಷ್ಟು ಹೊತ್ತಿಗೆ ಸುಮಾರು 35 ಆಗಬೇಕಿತ್ತು. ಜಿಎಸ್‌ಟಿ ನಂಬರ್ ಇಲ್ಲ ಅಂತ ಒಂದು ದೊಡ್ಡ ಕೆಲಸ ತಪ್ಪಿತು. ಸೇವೆಗಳಿಗೆ ವರ್ಷಕ್ಕೆ 20 ಲಕ್ಷದವರೆಗೆ ನೋಂದಣಿ ಕಡ್ಡಾಯ ಇಲ್ಲ, ನನ್ನ ಗಿರಾಕಿಗಳು ಸಣ್ಣವರೇ ಆದ್ದರಿಂದ ಸದ್ಯ ಮಾಡಿಸುವುದಿಲ್ಲ.

ಟಿಡಿಎಸ್ (ದುಡ್ಡು ಕೊಡುವಾಗಲೇ ಹಿಡಿದುಕೊಳ್ಳುವ ತೆರಿಗೆ) ಒಬ್ಬರು ನೂರಕ್ಕೆ 10 ಹಿಡಿದರು, ಇನ್ನೊಬ್ಬರು ಇದು ತಾಂತ್ರಿಕ ಸೇವೆ ಅಂತ 2 ಮಾತ್ರ. ರಿಟರ್ನ್ ಹಾಕುವಾಗ ಎರಡೂ ಲೆಕ್ಕಕ್ಕೆ ಬರುತ್ತವೆ, ಆದರೆ ಕೈಗೆ ಬರುವ ದುಡ್ಡು ಈ ತಿಂಗಳು ಎಷ್ಟು ಅನ್ನುವುದು ಬದಲಾಗುತ್ತದೆ. ಆದಾಯ ತೆರಿಗೆಗೆ 44ಎಡಿಎ ಕಲಂ ಹಿಡಿಯುತ್ತೇನೆ, ಬಂದ ಫೀಸಿನಲ್ಲಿ ಅರ್ಧವನ್ನು ಆದಾಯ ಅಂತ ತೋರಿಸಿದರೆ ಸಾಕು, ಖರ್ಚಿನ ಪ್ರತಿ ರಸೀದಿ ಬೇಕಿಲ್ಲ.

ವಸಂತನರಸಾಪುರದ 60 ಸಾವಿರ ಇನ್ನೂ ಬಂದಿಲ್ಲ. ಆರು ದಿನದ ದುಡಿಮೆ ಅದು. ಫೋನ್ ಮಾಡಿದಾಗಲೆಲ್ಲ ಮುಂದಿನ ವಾರ ಅನ್ನುತ್ತಾರೆ.

ಮಾರ್ಚ್ 29

ವಸಂತನರಸಾಪುರದ ದುಡ್ಡು ಬಂತು! ಫೆಬ್ರವರಿಯಲ್ಲಿ, ಸಿದ್ಧಗಂಗೆ ಜಾತ್ರೆಯ ವಾರ, ಅವರ ಅಕೌಂಟೆಂಟ್‌ಗೆ ಒಂದು ಪತ್ರ ಬರೆದೆ. ಅಕ್ಟೋಬರ್‌ನಲ್ಲೇ ಉದ್ಯಮ್ (ಸಣ್ಣ ಉದ್ಯಮಗಳ ಸರ್ಕಾರಿ) ನೋಂದಣಿ ಮಾಡಿಸಿದ್ದೆ, ಉಚಿತ, ಆಧಾರ್ ಮತ್ತು ಪ್ಯಾನ್ ಸಾಕು. ಬಿಲ್ ಮೇಲೂ ಆ ನಂಬರ್ ಹಾಕಿದ್ದೆ. 2006ರ ಎಂಎಸ್‌ಎಂಇ ಕಾಯ್ದೆ ಪ್ರಕಾರ ಇಂಥ ಸಣ್ಣ ಉದ್ಯಮದ ಬಿಲ್ ಕೊಡಲು ಒಪ್ಪಂದ ಏನೇ ಇದ್ದರೂ 45 ದಿನಕ್ಕಿಂತ ಜಾಸ್ತಿ ತಡ ಮಾಡುವಂತಿಲ್ಲ. ಅವರ ಆರ್ಡರ್‌ನಲ್ಲಿ 60 ದಿನ ಅಂತ ಇತ್ತು. ತಡವಾದ ಬಿಲ್ಲನ್ನು ಮಾರ್ಚ್ 31ರೊಳಗೆ ಕೊಡದಿದ್ದರೆ ಆ ಖರ್ಚನ್ನು ಈ ವರ್ಷದ ತೆರಿಗೆ ಲೆಕ್ಕದಲ್ಲಿ ಕಳೆಯಲು ಆಗುವುದಿಲ್ಲ, 43ಬಿ(ಎಚ್) ಅಂತ ಕಲಂ, ಅದನ್ನೂ ನಯವಾಗಿ ಬರೆದೆ. ಈ ತಿಂಗಳ 27ಕ್ಕೆ 54 ಸಾವಿರ ಬಿತ್ತು, ಉಳಿದ 6 ಟಿಡಿಎಸ್. ಮೊನ್ನೆಯವರೆಗೆ ಅಮ್ಮನಿಗೂ ಹೇಳಿರಲಿಲ್ಲ ಈ ಬಾಕಿ ವಿಷಯ.

ಇನ್ನು ಮೇಲೆ ನೂರಕ್ಕೆ 30 ಭಾಗ ಮುಂಗಡ. ನೋಟ್‌ಬುಕ್ಕಿನಲ್ಲಿ ಈಗ ಎರಡು ಕಾಲಂ: ಬಿಲ್ ಆದ ದಿನ, ದುಡ್ಡು ಬಂದ ದಿನ.

ಏಪ್ರಿಲ್ 6

ಇವತ್ತು ಭಾನುವಾರ, ಅಕ್ಕಿ ಗಿರಣಿಗೆ ಮರುಭೇಟಿ. ಫೆಬ್ರವರಿಯಲ್ಲೇ ಹೋಗಬೇಕಿತ್ತು, ಅವರ ಸೀಸನ್ ಜೋರಾಗಿದ್ದರಿಂದ ತಡವಾಯಿತು. ಕಪ್ಲಿಂಗ್ ಎಲ್ಲ ಹೊಸವು. ಒತ್ತಡ 6.5ಕ್ಕೆ ನಿಲ್ಲಿಸಿದ್ದಾರೆ. ಯಂತ್ರಗಳನ್ನು ಬಂದ್ ಮಾಡಿ, ಕಂಪ್ರೆಸರ್ ಪಕ್ಕ ಸ್ಟೂಲ್ ಹಾಕಿಕೊಂಡು ಕೂತೆ. ಮಾಲೀಕರು ಪಕ್ಕದಲ್ಲೇ ನಿಂತರು. ಅನ್‌ಲೋಡ್ ಆಯಿತು. ಒಂದು ನಿಮಿಷ, ಎರಡು, ಮೂರು, ನಾಲ್ಕು. 276 ಸೆಕೆಂಡಿಗೆ ಲೋಡ್ ಆಗಿ 24 ಸೆಕೆಂಡಿಗೆ ನಿಂತಿತು. ಎರಡನೇ ಸಲ ಸ್ಟಾಪ್‌ವಾಚ್ ಅವರೇ ತೆಗೆದುಕೊಂಡರು. ಅವರಿಗೂ 24.

30 ಭಾಗ ಇದ್ದ ಸೋರಿಕೆ ಈಗ 8. ದಿನಕ್ಕೆ 12 ಗಂಟೆ, ತಿಂಗಳಿಗೆ 25 ದಿನ ಅಂತ ಹಿಡಿದರೆ ಸುಮಾರು 1,450 ಯೂನಿಟ್ ಉಳಿತಾಯ. ನಾಲ್ಕನೇ ದಿನದ 10 ಸಾವಿರ ಅಲ್ಲೇ ಫೋನಿನಲ್ಲಿ ಕಳಿಸಿದರು. ಮುಂದಿನ ವಾರ ತಿಪಟೂರು, ತೆಂಗಿನ ಚಿಪ್ಪು ಉರಿಸುವ ಬಾಯ್ಲರ್. ಅದರ ಹೊಗೆ ಪರೀಕ್ಷಿಸುವ ಫ್ಲೂ ಗ್ಯಾಸ್ ಅನಲೈಸರ್ ಬಾಡಿಗೆಗೆ ಬುಕ್ ಮಾಡಿದ್ದೇನೆ.